ಸೀಮೆಸುಣ್ಣದ ಗುಡ್ಡದ ಬಾಣಂತಿ

ಹಲಸೂರು ಕೆರೆ ಏರಿಯ ಮೇಲೆ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು: "ಏನಜ್ಜೀ, ಲಂಡನ್ ಹೆಂಗೈತೆ?"

ನಾನು ಲಂಡನ್ ನೋಡಿಲ್ಲ. ರೈಲಿನ ಕಿಟಕಿಯಿಂದ ಅದರ ಹೊಗೆ ನೋಡಿದೆ, ಅಷ್ಟೆ. ಅರಮನೆ ನೋಡಿಲ್ಲ, ರಾಜನನ್ನೂ ನೋಡಿಲ್ಲ. ಅಷ್ಟು ಸಮುದ್ರ ದಾಟಿ ಹೋಗಿ ನಾನು ನೋಡಿ ಬಂದದ್ದು ಒಂದು ಜೇಡ. ಅದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮಿಷನ್ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಕೈಯಲ್ಲಿ ಉಳಿದಿರುವಾಗಲೇ ಬರೆದಿಡುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಡಗಿನ ಮೇಲೆ

ನಾನು ಹೋದದ್ದು ಮಿಸ್ಸಮ್ಮನ ಜೊತೆ. ಅವರು ದಂಡಿನ, ಅಂದರೆ ಕಂಟೋನ್ಮೆಂಟಿನ, ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ದೊರೆಸಾನಿ. ಮದುವೆಯಾಗಲಿಲ್ಲ. ಅವರ ಮನೆಯಲ್ಲಿ ಅಡುಗೆ ಮಾಡುತ್ತ ನಾನು ಮುದುಕಿಯಾದೆ, ನನ್ನನ್ನು ಬೈಯುತ್ತ ಅವರು ಮುದುಕಿಯಾದರು. ಸ್ವರಾಜ್ಯ ಬಂದ ವರ್ಷ ಅವರು ತಮ್ಮ ಊರಿಗೆ ಹೊರಟರು. ಮಂಡಿ ಎರಡೂ ಹೋಗಿದ್ದವು. ಒಬ್ಬರೇ ಹಡಗಿನ ಏಣಿ ಹತ್ತಲಾರರು.

"ನೀನು ಬಾ. ನನ್ನನ್ನು ಮನೆ ಸೇರ್ಸು. ಚಳಿ ಜಾಸ್ತಿ ಆಗೋದ್ರೊಳಗೆ ವಾಪಸ್ ಕಳಿಸ್ತೀನಿ" ಎಂದರು. ಮಿಸ್ಸಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಬಹುವಚನ ಮಾತ್ರ ಬರುವುದಿಲ್ಲ. ಪೂಜಾರಿಗೂ ನೀನು, ಹಾಲಿನವನಿಗೂ ನೀನು.

ನನ್ನ ಸೊಸೆ ಅಳುಮೋರೆ ಮಾಡಿದಳು. "ಅತ್ತೆ, ಅಲ್ಲೇ ಏನಾದ್ರೂ ಆಗ್ಬಿಟ್ರೆ ಯಾರು ಎತ್ತೋರು?"

"ಯಾರಾದ್ರೂ ಎತ್ತೇ ಎತ್ತಾರೆ ಕಣೇ. ನಾರೋವರ್ಗೂ ಮಡೀಕತಾರಾ?" ಎಂದು ಹೇಳಿ ಹೊರಟೆ.

ಹಡಗು ಹತ್ತಿದ ಮೇಲೆ ಬಹಳ ದಿನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಕಟ್ಟಿಕೊಂಡು ಹೋಗಿದ್ದ ವೀಳ್ಯದೆಲೆ ಏಡನ್ ಬರುವ ಮೊದಲೇ ಕೊಳೆಯಿತು. ನಾವು ನೀರಿನ ನಡುವೆ ಇದ್ದಾಗಲೇ ನಮ್ಮ ದೇಶದಲ್ಲಿ ಬಾವುಟ ಬದಲಾಯಿತು. ಅವತ್ತು ಹಡಗಿನವರು ಊಟಕ್ಕೆ ಒಂದು ಸಿಹಿ ಹೆಚ್ಚು ಕೊಟ್ಟರು. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಿದರೆ ಬಡಿಸುವವನಿಗೂ ಗೊತ್ತಿರಲಿಲ್ಲ. ನಾನು ತಿಂದೆ. ಅದು ಮಾತ್ರ ಹೊಟ್ಟೆಯಲ್ಲಿ ನಿಂತಿತು.

ರೈಲಿಳಿದ ಊರು

ಅವರ ಊರು ದಕ್ಷಿಣದ ಕಡೆ, ಸಮುದ್ರಕ್ಕೆ ಹತ್ತಿರ. ಗುಡ್ಡ ಕಡಿದ ಕಡೆಯೆಲ್ಲ ಮಣ್ಣು ಬೆಳ್ಳಗೆ, ಈಗ ತಾನೇ ಸುಣ್ಣ ಬಳಿದ ಗೋಡೆಯ ಹಾಗೆ.

"ಇದೇನಮ್ಮಾ, ಗುಡ್ಡಕ್ಕೂ ಸುಣ್ಣ ಹೊಡೀತಾರಾ?"

"ಹೊಡೆಯೋದಲ್ಲ. ಗುಡ್ಡಾನೇ ಅದು. ನಾನು ಬೋರ್ಡ್ ಮೇಲೆ ಬರೀತಿದ್ದೆ ಅಲ್ವಾ, ಅದೇ."

ಸೀಮೆಸುಣ್ಣಕ್ಕೆ ಸೀಮೆಸುಣ್ಣ ಅಂತ ಯಾಕೆ ಹೆಸರು ಬಂತೆಂದು ನನಗೆ ಅಂದು ತಿಳಿಯಿತು. ಇದೇ ಆ ಸೀಮೆ. ಒಂದು ಹೆಂಟೆ ಕಿತ್ತು, ಉಗುರಿನಿಂದ ಕೆರೆದು, ಸಂಚಿಯಲ್ಲಿ ಉಳಿದಿದ್ದ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡೆ. ಉರಿಯೂ ಇಲ್ಲ, ಬಾಯಿ ಕೆಂಪೂ ಆಗಲಿಲ್ಲ. ಹೆಸರಿಗೆ ಸುಣ್ಣ. ಉಗಿದೆ. ಅದಕ್ಕೂ ಅಲ್ಲಿನ ಜನ ತಿರುಗಿ ನೋಡಿದರು.

ಮನೆಯಲ್ಲಿ ಮಿಸ್ಸಮ್ಮನ ತಮ್ಮ ಒಬ್ಬರೇ ಇದ್ದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಉದ್ದಕ್ಕೆ, ಬಿಗಿಮೋರೆ. ನಾನು ತಮ್ಮದೊರೆ ಎಂದು ಹೆಸರಿಟ್ಟುಕೊಂಡೆ. ಅಕ್ಕ ಎಷ್ಟೋ ವರ್ಷದ ಮೇಲೆ ಬಂದಿದ್ದಾರೆ. ಈತ ಬ್ಯಾಂಕಿನವರ ಹಾಗೆ ಕೈ ಕುಲುಕಿದರು. ಪ್ರಯಾಣ ಚೆನ್ನಾಗಿತ್ತೇ? ಚೆನ್ನಾಗಿತ್ತು. ಮುಗಿಯಿತು. ನಮ್ಮಲ್ಲಾಗಿದ್ದರೆ ಅಳುವುದಕ್ಕೇ ಅರ್ಧ ದಿನ ಬೇಕು, ಹಳೇ ಜಗಳ ತೆಗೆಯುವುದಕ್ಕೆ ಇನ್ನರ್ಧ.

ಜಗಳ ಸಂಜೆ ಬಂತು. ನನಗೆ ಇಂಗ್ಲಿಷು ಕೇಳಿದರೆ ಅರ್ಧಂಬರ್ಧ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಯುದ್ಧ ಮುಗಿದಿದ್ದರೂ ಅಲ್ಲಿ ನಮ್ಮಲ್ಲಿಗಿಂತ ಹೆಚ್ಚು ರೇಷನ್ನು. ಬ್ರೆಡ್ಡಿಗೂ ಚೀಟಿ. ತಮ್ಮದೊರೆ ಹಿತ್ತಲಿನ ದಿಬ್ಬ ಅಗೆದು ಸಮ ಮಾಡಿ ಆಲೂಗಡ್ಡೆ ಹಾಕುತ್ತೇನೆ ಎಂದರು. ಮಿಸ್ಸಮ್ಮ ಕೂಡದು ಎಂದರು. ನಡುವೆ ಎರಡು ಸಲ ಪರ್ಸು, ಪರ್ಸು ಎಂದದ್ದು ಕೇಳಿಸಿತು. ಅಕ್ಕತಮ್ಮಂದಿರ ಜಗಳ ಎಲ್ಲಿ ಹೋದರೂ ದುಡ್ಡಿನದೇ ಎಂದುಕೊಂಡು ಮಲಗಿದೆ.

ಹಿತ್ತಲ ದಿಬ್ಬ

ಮರುದಿನ ಮಿಸ್ಸಮ್ಮ ದಿಬ್ಬದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಬಿಸಿಲಿಗೆ ಮುಖ ಮಾಡಿದ ದಿಬ್ಬ, ಮೊಣಕಾಲೆತ್ತರ ಹುಲ್ಲು. "ನೀನು ಹುಡುಕು. ಹುಲ್ಲಿನ ಬುಡದಲ್ಲಿ ಪರ್ಸು ಇರುತ್ತೆ" ಎಂದರು.

ದಂಡಿನಲ್ಲಿ ಬಾಳಿದವಳಿಗೆ ಪರ್ಸು ಎಂದರೆ ಹೇಳಿಕೊಡಬೇಕೆ? ಯಾರೋ ಬೀಳಿಸಿಕೊಂಡಿದ್ದಾರೆ ಎಂದುಕೊಂಡು ಸೆರಗು ಸಿಕ್ಕಿಸಿ ಬಗ್ಗಿದೆ.

"ಯಾವ ಬಣ್ಣದ್ದಮ್ಮಾ?"

"ಮಣ್ಣಿನ ಬಣ್ಣ."

"ದೊಡ್ಡದಾ?"

"ಬೆರಳಷ್ಟು."

"ಬೆರಳಷ್ಟು ಪರ್ಸಲ್ಲಿ ಏನು ಇಡ್ತಾರಮ್ಮಾ?"

"ಇಡೋದೇನು? ಅದರೊಳಗೆ ಅವಳು ಇರ್ತಾಳೆ. ಸುಮ್ನೆ ಹುಡುಕು!"

ಮಿಸ್ಸಮ್ಮನಿಗೆ ಸಮುದ್ರದ ಗಾಳಿ ತಲೆಗೆ ಹತ್ತಿದೆ ಎಂದುಕೊಂಡೆ. ಮಧ್ಯಾಹ್ನದವರೆಗೆ ಹುಡುಕಿದರೂ ಚರ್ಮದ್ದಾಗಲಿ ಬಟ್ಟೆಯದ್ದಾಗಲಿ ಪರ್ಸು ಸಿಗಲಿಲ್ಲ. ಹುಲ್ಲಿನೊಳಗೆ ಒಣಬೇರಿನಂಥ ಕೊಳಕು ಏನೋ ಕೈಗೆ ಅಡ್ಡ ಬಂತು. ಕಿತ್ತು ಪಕ್ಕಕ್ಕೆ ಎಸೆದೆ. ಮಿಸ್ಸಮ್ಮ ಕುರ್ಚಿಯಿಂದಲೇ ಕಿರುಚಿದರು.

"ಅಯ್ಯೋ ಪಾಪಿ! ಅದೇ ಪರ್ಸು!"

ಕೈಗೆ ತೆಗೆದುಕೊಂಡು ನೋಡಿದೆ. ಬೇರಲ್ಲ. ಕೈಗವಸಿನ ಒಂದು ಬೆರಳು ಕತ್ತರಿಸಿ ಮಣ್ಣಲ್ಲಿ ಹೊರಳಿಸಿದ ಹಾಗೆ. ಒಳಗೆ ರೇಷ್ಮೆಯ ನಯ. ತುದಿ ಮುಚ್ಚಿತ್ತು, ನಾನು ಕಿತ್ತ ಬುಡ ಮಾತ್ರ ಹರಿದಿತ್ತು. ಉಳಿದ ಚೀಲ ನೆಲದೊಳಗೆ ಮೊಳದುದ್ದ ಇಳಿದಿದೆಯಂತೆ. ಅದರ ತಳದಲ್ಲಿ ಒಂದು ಜೇಡ. ಬಲೆ ಕಟ್ಟುವುದಿಲ್ಲ, ಹೊರಗೆ ಬರುವುದಿಲ್ಲ, ಒಂದೇ ಚೀಲದಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಪರ್ಸು ಎಂದರೆ ಅದು. ಅದನ್ನು ಮೊದಲೇ ಸಂಚಿ ಎಂದಿದ್ದರೆ ನನಗೂ ತಿಳಿಯುತ್ತಿತ್ತು.

"ನಾನು ಹುಡುಗಿ ಆಗಿದ್ದಾಗ ಇಲ್ಲೇ ಕಂಡಿದ್ದೆ. ಈ ದಿಬ್ಬಕ್ಕೋಸ್ಕರ ಬಂದೆ ನಾನು, ಅವನಿಗೋಸ್ಕರ ಅಲ್ಲ" ಎಂದರು ಮಿಸ್ಸಮ್ಮ.

ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಮೊದಲು ಸಾಯುವುದು ಜೇಡ. ಪೊರಕೆಗೆ ಬಟ್ಟೆ ಕಟ್ಟಿ ಮೂಲೆಮೂಲೆ ಗುಡಿಸುತ್ತೇವೆ. ಅಂಥ ಪ್ರಾಣಿಗಾಗಿ ಒಬ್ಬ ಹೆಂಗಸು ಸಮುದ್ರ ದಾಟಿ ಬರುವುದೆಂದರೆ ನನ್ನ ಬುದ್ಧಿಗೆ ಹತ್ತಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಹೋಗಿ ನೋಡಿದೆ. ನಾನು ಕಿತ್ತ ಕಡೆ ನೆಲದ ಬಾಯಿಗೆ ಬೆಳ್ಳನೆಯ ಮುಚ್ಚಳ ಬಂದಿತ್ತು. ಹರಿದದ್ದನ್ನು ಆಕೆ ರಾತ್ರಿಯೇ ಹೊಲಿದುಕೊಂಡಿದ್ದಳು. ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು.

ಮಿಸ್ಸಮ್ಮ ಹೇಳಿಕೊಟ್ಟ ಹಾಗೆ ಒಂದು ಒಣಹುಲ್ಲಿನ ಕಡ್ಡಿಯಿಂದ ಇನ್ನೊಂದು ಚೀಲದ ಮೇಲೆ ಹುಳ ನಡೆದಂತೆ ಮೆಲ್ಲಗೆ ಗೀರಿದೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಚೀಲದ ಬಟ್ಟೆಯನ್ನೇ ತೂರಿಕೊಂಡು ಎರಡು ಕರೀ ಮುಳ್ಳು ಹೊರಗೆ ಬಂದು ಕಡ್ಡಿ ಹಿಡಿದವು. ಮುಖ ಇಲ್ಲ, ಮೈ ಇಲ್ಲ. ದಂಡಿನ ಗೋಷಾ ಮನೆಗಳಲ್ಲಿ ಬಳೆಗಾರ ಬಂದಾಗ ಪರದೆ ಸಂದಿಯಿಂದ ಕೈ ಮಾತ್ರ ಬರುತ್ತದಲ್ಲ, ಹಾಗೆ. ಆ ಕೈ ಬಳೆ ಇಡಿಸಿಕೊಳ್ಳುತ್ತದೆ, ಈ ಮುಳ್ಳು ಹುಳವನ್ನು ಒಳಗೆಳೆದು ತಿನ್ನುತ್ತದೆ. ತಿಂದಾದ ಮೇಲೆ ತೂತಿಗೆ ತೇಪೆ ಹಾಕುತ್ತದೆ. ಸಿಪ್ಪೆಯನ್ನು ಮೇಲಿನ ತುದಿಯಿಂದ ಹೊರಗೆ ನೂಕುತ್ತದೆ. ಎಂಜಲು ಒಳಗೆ ಇಟ್ಟುಕೊಳ್ಳುವುದಿಲ್ಲ. ಈ ಗುಣ ನನಗೆ ಹಿಡಿಸಿತು.

ತಮ್ಮದೊರೆಗೆ ಇದ್ಯಾವುದೂ ಹಿಡಿಸಲಿಲ್ಲ. ಜೇಡ ಬೇಕಾದಷ್ಟಿವೆ, ಆಲೂಗಡ್ಡೆ ಇಲ್ಲ ಎಂದರು. ಆಗ ಮಿಸ್ಸಮ್ಮ ಅವರ ಮುಂದೆ ಜೇಡದ ಕುಲದ ವಿಷಯ ತೆಗೆದರು. ನನಗೆ ಆಮೇಲೆ ಕನ್ನಡದಲ್ಲಿ ಹೇಳಿದರು. ನಮ್ಮಲ್ಲಿ ಕುಲ ಒಂದೇ ಇದ್ದು ಬೆಡಗು, ಅಂದರೆ ಒಳಪಂಗಡ, ಬೇರೆ ಬೇರೆ ಇರುತ್ತವಲ್ಲ, ಈ ಜೇಡದಲ್ಲೂ ಹಾಗೆಯೇ. ಆ ಸೀಮೆ, ಅದರ ಸುತ್ತಲ ದೇಶ ಎಲ್ಲ ಸೇರಿ ಮೂರು ಬೆಡಗು. ಬರ್ಮಾದಲ್ಲಿ, ಜಪಾನಿನಲ್ಲಿ ಬೇರೆ ಬೆಡಗಿನವು ಇವೆ, ನಮ್ಮ ದೇಶದಲ್ಲೂ ಒಂದು ಸಿಕ್ಕಿದೆಯಂತೆ. ನೋಡಲು ಎಲ್ಲವೂ ಒಂದೇ. ಗುರುತು ಇರುವುದು ಹಿಂದೆ, ನೂಲು ಬರುವ ಮೊಲೆಯಲ್ಲಿ. ಅದರಲ್ಲಿ ಉದ್ದನೆಯ ಜೋಡಿಗೆ ಮೂರು ಗೆಣ್ಣು ಇದ್ದರೆ ಒಂದು ಬೆಡಗು, ನಾಲ್ಕಿದ್ದರೆ ಇನ್ನೊಂದು. ಮೂರನೆಯದು ಎಡಬಿಡಂಗಿ, ಗೆಣ್ಣು ಅರ್ಧ ಕಾಣುತ್ತದೆ ಅರ್ಧ ಕಾಣುವುದಿಲ್ಲ. ಮಿಸ್ಸಮ್ಮನ ಊರಿರುವ ದ್ವೀಪದಲ್ಲಿ ಇದುವರೆಗೆ ಸಿಕ್ಕಿರುವುದು ಮೂರು ಗೆಣ್ಣಿನದು ಮಾತ್ರ. ಈ ದಿಬ್ಬದ್ದು ನಾಲ್ಕು ಗೆಣ್ಣಿನದು ಎಂದು ಮಿಸ್ಸಮ್ಮನಿಗೆ ಹುಡುಗಿಯಾಗಿದ್ದಾಗಿನಿಂದ ಗುಮಾನಿ.

ತಮ್ಮದೊರೆ ಪೈಪಿನ ಬೂದಿ ಕೊಡವಿದರು. "ಸರಿ. ನಾಲ್ಕಿದ್ದರೆ ದಿಬ್ಬ ನಿನ್ನದು. ಮೂರಿದ್ದರೆ ಆಲೂಗಡ್ಡೆ. ಮಂಜು ಬೀಳುವ ಮೊದಲು ಹೇಳು" ಎಂದರು.

ಆ ಗೆಣ್ಣು ನೋಡಬೇಕಾದರೆ ಜೇಡವನ್ನು ಅಗೆದು ತೆಗೆಯಬೇಕು. ಅಗೆದರೆ ಚೀಲ ಹೋಯಿತು, ಆಕೆ ಮತ್ತೆ ಹೊಸದಾಗಿ ಕಟ್ಟಿಕೊಂಡು ಬಾಳುವುದು ಕಷ್ಟ. "ಹೆಸರು ತಿಳ್ಕೊಳಕ್ಕೆ ಮನೆ ಕೆಡವ್ಬೇಕಾ?" ಎಂದು ಕೇಳಿದೆ. ಮಿಸ್ಸಮ್ಮ ಗಂಡು ಬರಲಿ ಎಂದರು. ಗಂಡು ಮಾತ್ರ ಶೀತದ ದಿನಗಳಲ್ಲಿ ಚೀಲ ಬಿಟ್ಟು ಹೆಣ್ಣು ಹುಡುಕಿಕೊಂಡು ಓಡಾಡುತ್ತದಂತೆ. ಅದಕ್ಕೂ ಹೆಣ್ಣಿನಷ್ಟೇ ಗೆಣ್ಣು ಇರುತ್ತದೆ, ನೋಡಲು ಅಗೆಯಬೇಕಿಲ್ಲ.

ಹೊಸ್ತಿಲ ಬಳಿ

ಆ ಊರಿನಲ್ಲಿ ಯಾರೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದಿಲ್ಲ. ಯಾರೂ ಹೊಸ್ತಿಲ ಮೇಲೆ ಕೂತು ಬೀದಿ ನೋಡುವುದಿಲ್ಲ. ಹಾಲಿನವನು ಬಾಟಲಿ ಇಟ್ಟು ಹೋಗುತ್ತಾನೆ, ಬಿಸಿಲು ಬಂದರೂ ಅದು ಅಲ್ಲೇ ಇರುತ್ತದೆ, ಕದಿಯುವವರಿಲ್ಲ. ಅಷ್ಟು ಒಳ್ಳೆಯ ಜನ. ಆದರೆ ಪಕ್ಕದ ಮನೆಯವರ ಹೆಸರು ತಮ್ಮದೊರೆಗೆ ಗೊತ್ತಿರಲಿಲ್ಲ.

ನಾನು ನನ್ನ ಪದ್ಧತಿ ಬಿಡಲಿಲ್ಲ. ಎದ್ದ ಕೂಡಲೇ ಬಾಗಿಲು ಗುಡಿಸಿ, ಬಕೆಟ್ಟಿನಿಂದ ನೀರು ಚಿಮುಕಿಸಿ, ಸೀಮೆಸುಣ್ಣ ಪುಡಿ ಮಾಡಿ ನಾಲ್ಕೆಳೆ ರಂಗೋಲಿ ಎಳೆದೆ. ಬಾಯಿಗೆ ಬಾರದ ಸುಣ್ಣ ಬಾಗಿಲಿಗಾದರೂ ಬಂತು. ಪಕ್ಕದ ಮನೆಯವರು ಪೈಪು ಒಡೆದಿದೆ ಎಂದು ಹೇಳಲು ಬಂದರು. ಪೋಸ್ಟಿನವನು ಚರಂಡಿಯವರು ಗುರುತು ಹಾಕಿದ್ದಾರೆ ಎಂದುಕೊಂಡು ರಂಗೋಲಿ ತುಳಿಯದೆ ಹಾರಿದ. ತಮ್ಮದೊರೆ ಒದ್ದೆಯಲ್ಲಿ ಜಾರಿ ಕೂತು, ಕೂತಲ್ಲಿಂದಲೇ ನನಗೆ "ಸಾರಿ" ಎಂದರು. ಬಿದ್ದವರೇ ಯಾಕೆ ಸಾರಿ ಕೇಳುತ್ತಾರೋ, ಅದು ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ಬೆಳಿಗ್ಗೆ ಆ ಒದ್ದೆಯಲ್ಲಿ ಒಂದು ಕರೀ ಜೇಡ ನಡೆದು ಬರುತ್ತಿತ್ತು. ಸಣ್ಣ ಮೈ, ಉದ್ದ ಕಾಲು, ಮುಖದ ಮುಂದೆ ಮೈಗೆ ಮೀರಿದ ದವಡೆ. ಮದುವೆ ಗಂಡಿನ ಹಾಗೆ ಎಲ್ಲೂ ನೋಡದೆ ನೆಟ್ಟಗೆ ಬಂತು. ಗಾಜಿನ ಲೋಟ ಬೋರಲು ಹಾಕಿದೆ.

ಮಿಸ್ಸಮ್ಮ ಭೂತಗನ್ನಡಿ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಕನ್ನಡಿ ನನ್ನ ಕೈಗೆ ಕೊಟ್ಟರು.

"ನೀನು ನೋಡು. ಎಷ್ಟು?"

"ಮೂರು."

"ಸರಿಯಾಗಿ ನೋಡು."

"ಸರಿಯಾಗೇ ನೋಡ್ದೆ. ಮೂರೇ ಅಮ್ಮಾ."

ನಾನು ಸುತ್ತ ನೋಡಿ ಮೆಲ್ಲಗೆ ಅಂದೆ: "ನಾಲ್ಕು ಅಂದ್ಬಿಡಿ. ಆವಯ್ಯನ ಕಣ್ಣಿಗೆ ಜೇಡಾನೇ ಕಾಣಲ್ಲ, ಇನ್ನು ಗೆಣ್ಣು ಕಾಣುತ್ತಾ?"

"ನಾನು ಲೆಕ್ಕದ ಟೀಚರು ಕಣೇ. ಮೂರನ್ನು ನಾಲ್ಕು ಅನ್ನಲಾ?"

"ಇದೊಂದು ಸಲ."

"ಮುಚ್ಚು ಬಾಯಿ."

ನಾನು ಲೋಟವನ್ನು ದಿಬ್ಬಕ್ಕೆ ತೆಗೆದುಕೊಂಡು ಹೋಗಿ ಗಂಡನ್ನು ಬಿಟ್ಟೆ. ಅದು ಒಂದು ಚೀಲದ ಹತ್ತಿರ ಹೋಗಿ ಮುಂಗೈಯಿಂದ ಅದರ ಮೇಲೆ ತಟತಟ ಬಡಿಯಿತು. ನಿಂತಿತು. ಮತ್ತೆ ಬಡಿಯಿತು. ಬಾಗಿಲು ತಟ್ಟಿ ಕಾಯುವುದು ಜೇಡಕ್ಕೂ ಗೊತ್ತು. ಒಳಗಿನಿಂದ ಏನು ಉತ್ತರ ಬಂತೋ, ಚೀಲ ಸೀಳಿಕೊಂಡು ಒಳಗೆ ಹೋಯಿತು. ಇನ್ನು ಕೆಲವು ತಿಂಗಳು ಅಲ್ಲೇ ಇದ್ದು ಅಲ್ಲೇ ಸಾಯುತ್ತದೆ, ಸತ್ತ ಮೇಲೆ ಹೆಂಡತಿ ಅದನ್ನು ತಿನ್ನುತ್ತಾಳೆ ಎಂದು ಮಿಸ್ಸಮ್ಮ ಹೇಳಿದರು. ನಮ್ಮಲ್ಲೂ ಮನೆಯಳಿಯನನ್ನು ತಿನ್ನುತ್ತಾರೆ, ಆದರೆ ಸಾಯುವವರೆಗೆ ಕಾಯುವುದಿಲ್ಲ.

ಸಂಜೆ ಊಟಕ್ಕೆ ಕೂತಾಗ ಮಿಸ್ಸಮ್ಮ ತಟ್ಟೆ ನೋಡಿಕೊಂಡು "ಮೂರು" ಎಂದರು. ತಮ್ಮದೊರೆ ಗೆದ್ದೆ ಎನ್ನಲಿಲ್ಲ. ಉಪ್ಪು ಈ ಕಡೆ ಕೊಡು ಎಂದರು. ಸೋಮವಾರ ಶುರು ಮಾಡುತ್ತೇನೆ ಎಂದರು. ಅವತ್ತು ಮಿಸ್ಸಮ್ಮ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಅದು ನನಗೆ ಸರಿಬರಲಿಲ್ಲ.

ಸೋಮವಾರ

ಮಿಸ್ಸಮ್ಮ ಹಿತ್ತಲಿಗೆ ಬರುವುದಿಲ್ಲ ಎಂದವರು ಬಂದು ಕುರ್ಚಿಯಲ್ಲಿ ಕೂತರು. ತಮ್ಮದೊರೆ ಕೆಳಗಿನ ಅಂಚಿನಿಂದ ಗುದ್ದಲಿ ಹಾಕಿದರು. ಅವರ ಗುದ್ದಲಿಗೆ ಕಾಲಿಟ್ಟು ತುಳಿಯುತ್ತಾರೆ, ನಮ್ಮ ಹಾಗೆ ಎತ್ತಿ ಹೊಡೆಯುವುದಿಲ್ಲ. ಎರಡನೆಯ ಹೆಂಟೆ ಮಗುಚಿದಾಗ ಮಣ್ಣಿನ ಗೋಡೆಯಲ್ಲಿ ಒಂದು ಚೀಲ ಉದ್ದಕ್ಕೆ ಸೀಳಿ ನೇತಾಡಿತು, ಹರಿದ ಕಾಲುಚೀಲದ ಹಾಗೆ. ಅದರೊಳಗೆ ದಪ್ಪನೆಯ ಕಂದು ಜೇಡ ಮುದುರಿ ಕೂತಿತ್ತು. ಅವಳ ಸುತ್ತ ರಾಗಿಕಾಳಿನಷ್ಟು ಸಣ್ಣ ಬಿಳೀ ಮರಿಗಳು, ಲೆಕ್ಕ ಇಲ್ಲ. ಹರಿದ ಕಡೆ ಬೆಳಕು ಬಿದ್ದದ್ದಕ್ಕೆ ಎಲ್ಲವೂ ಅವಳ ಹೊಟ್ಟೆಯಡಿಗೆ ನುಗ್ಗುತ್ತಿದ್ದವು.

ಗುದ್ದಲಿ ಮತ್ತೆ ಎದ್ದಿತು. ನಾನು ಹೋಗಿ ಅದರ ಹಿಡಿಯನ್ನು ಹಿಡಿದುಕೊಂಡೆ.

"ನಿಲ್ಸಿ! ಒಳಗೆ ಬಾಣಂತಿ ಇದಾಳೆ! ಬಾಣಂತಿ ಕೋಣೆಗೆ ಗುದ್ದಲಿ ಹಾಕ್ತಾರೇನ್ರೀ ಯಾರಾದ್ರೂ?"

ತಮ್ಮದೊರೆ ಅಕ್ಕನ ಕಡೆ ತಿರುಗಿದರು. "ಏನನ್ನುತ್ತಾಳೆ?"

ಮಿಸ್ಸಮ್ಮ ಮದರ್ ಎಂದರು, ಅಲ್ಲ ಎಂದು ತಾವೇ ಕೈಯಾಡಿಸಿದರು. ಅವರಿಗೆ ಕರು ಹಾಕಿದ ಹಸುವೂ ಮದರ್, ಕನ್ಯಾಸ್ತ್ರೀ ಮಠದ ಹಿರಿಯಳೂ ಮದರ್. ಮತ್ತೇನೋ ಉದ್ದಕ್ಕೆ ಹೇಳಿದರು, ಅದೂ ಸರಿಹೋಗಲಿಲ್ಲ. ಅಷ್ಟು ಇಂಗ್ಲಿಷು ಕಲಿತು ಮಕ್ಕಳಿಗೆಲ್ಲ ಕಲಿಸಿದ ಹೆಂಗಸು ಒಂದು ಮಾತು ಸಿಗದೆ ನನ್ನ ಮುಖ ನೋಡಿದರು.

"ನೀನೇ ಹೇಳು. ಬಾಣಂತಿ ಅಂದ್ರೆ ಏನಂತ ಹೇಳ್ಲಿ?"

"ಹೇಳೋದೇನಮ್ಮಾ? ಹೆತ್ತಿದಾಳೆ. ಗಾಳಿ ತಾಕಬಾರ್ದು, ಬೆಳಕು ತಾಕಬಾರ್ದು. ಜೋರಾಗಿ ಮಾತಾಡಬಾರ್ದು. ಸಾಲಗಾರನೂ ಬಾಗ್ಲಿಂದಾಚೆ ನಿಲ್ತಾನೆ. ನಾಲ್ಕು ಹೆತ್ತೋಳು ನಾನು. ನಮ್ಮತ್ತೆ ಜನ್ಮದಲ್ಲಿ ಬಾಯಿ ಮುಚ್ಚಿದ್ದೇ ಆ ನಾಲ್ಕು ಬಾಣಂತನದಲ್ಲಿ. ಅವಳೇ ಅಷ್ಟು ತಿಳ್ಕೊಂಡಿದ್ದಳು, ಓದಿದ ದೊರೆಗೆ ತಿಳಿಯಲ್ವಾ?"

ಮಿಸ್ಸಮ್ಮ ಅದನ್ನು ಒಂದೊಂದಾಗಿ ಹೇಳಿದರು. ಅತ್ತೆಯ ಮಾತನ್ನೂ ಬಿಡಲಿಲ್ಲ. ತಮ್ಮದೊರೆ ಕೇಳಿ, ಸೀಳಿದ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಷ್ಟು ದಿನದಲ್ಲಿ ಅವರು ಜೇಡವನ್ನು ನೋಡಿದ್ದು ಅದೇ ಮೊದಲು.

"ಕಾವು ಕೂತ ಕೋಳಿ ಇದ್ದ ಹಾಗೆ" ಎಂದರು.

ಹೆನ್ ಎಂಬುದು ನನಗೂ ಗೊತ್ತು. "ಕೋಳಿ ಅಲ್ಲ! ಬಾಣಂತಿ!" ಎಂದೆ.

"ಬನಾಂಟಿ" ಎಂದರು ಅವರು. "ಎಷ್ಟು ದಿನ?"

"ಮಕ್ಕಳು ಎದ್ದು ಓಡೋವರ್ಗೂ."

ಮರಿಗಳು ಚಳಿಗಾಲವೆಲ್ಲ ತಾಯಿಯ ಚೀಲದಲ್ಲೇ ಇದ್ದು, ಬಿಸಿಲು ಬಂದ ಮೇಲೆ ಹುಲ್ಲಿನ ತುದಿ ಹತ್ತಿ ಒಂದೊಂದು ಎಳೆ ಬಿಟ್ಟುಕೊಂಡು ಗಾಳಿಯಲ್ಲಿ ಹಾರಿ ಹೋಗುತ್ತವೆ ಎಂದು ಮಿಸ್ಸಮ್ಮ ವಿವರಿಸಿದರು. ಹಾಗಾದರೆ ಅಲ್ಲಿಯವರೆಗೆ, ಎಂದು ತಮ್ಮದೊರೆ ಗುದ್ದಲಿಯನ್ನು ಗೋಡೆಗೆ ಒರಗಿಸಿದರು. ಮಗುಚಿದ ಹೆಂಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಂದಕ್ಕೆ ಕೂರಿಸಿ, ಬಿರುಕಿಗೆ ಬೆರಳಿನಿಂದ ಮಣ್ಣು ತುಂಬಿದರು. ಅವಳು ಉಳಿದಳೋ ಇಲ್ಲವೋ ಎಂದು ಎರಡು ದಿನ ಗೊತ್ತಾಗಲಿಲ್ಲ. ಮೂರನೆಯ ದಿನ ಹೆಂಟೆಯ ಪಕ್ಕದಲ್ಲಿ ಹೊಸ ಬಿಳೀ ಚೀಲ ಒಂದಿಂಚು ಎದ್ದಿತ್ತು.

ಮಿಸ್ಸಮ್ಮ ನನ್ನ ಕಿವಿಯಲ್ಲಿ ಹೇಳಿದರು: "ಈ ದಿಬ್ಬದಲ್ಲಿ ಪ್ರತಿ ವರ್ಷ ಯಾವಳಾದ್ರೂ ಬಾಣಂತಿ ಇದ್ದೇ ಇರ್ತಾಳೆ. ಅವನು ಕೇಳಿಲ್ಲ, ನಾನು ಹೇಳಿಲ್ಲ. ಇದು ಸುಳ್ಳಲ್ಲ, ತಿಳೀತಾ?"

"ನನಗೇನು ತಿಳಿಯುತ್ತೆ ಅಮ್ಮಾ, ನಾನು ಲೆಕ್ಕ ಓದಿಲ್ಲ" ಎಂದೆ.

ಹೊರಟ ದಿನ

ಅಲ್ಲಿಂದ ಮುಂದೆ ತಮ್ಮದೊರೆಯದೇ ಕಾಟವಾಯಿತು. ಬಾಣಂತಿಗೆ ಏನು ಕೊಡುತ್ತಾರೆ ಎಂದು ಕೇಳಿದರು. ಮೆಣಸು ಬೆಳ್ಳುಳ್ಳಿ ಸಾರು, ತಣ್ಣೀರು ಕೂಡದು ಎಂದೆ. ಮಳೆ ಬಂದ ದಿನ ದಿಬ್ಬದ ಮೇಲೆ ತಗಡು ಹೊದಿಸಿ ಬಂದರು. ಅವಳಿಗೆ ಬಿಸಿಲು ಬೇಕು ಕತ್ತೆ ಎಂದು ಮಿಸ್ಸಮ್ಮ ಬೈದು ತೆಗೆಸಿದರು. ಅಕ್ಕತಮ್ಮ ಇಬ್ಬರೂ ದಿನವೂ ಜಗಳವಾಡತೊಡಗಿದರು, ಬಾಯ್ತುಂಬ. ಇನ್ನು ನಾನು ಹೊರಡಬಹುದು ಎನಿಸಿತು. ಮದರಾಸಿಗೆ ಹೊರಟಿದ್ದ ಒಂದು ಸಂಸಾರದ ಜೊತೆ ನನಗೆ ಹಡಗು ಗೊತ್ತು ಮಾಡಿದರು.

ಹೊರಡುವ ಬೆಳಿಗ್ಗೆ ನಾನು ಹಿತ್ತಲಲ್ಲಿ ದಿಬ್ಬದ ಪಕ್ಕ ನಿಂತಿದ್ದೆ. ಇದ್ದಿಲು ತರುವವನು ಮೂಟೆ ಹೊತ್ತು ಹತ್ತಿರದ ದಾರಿ ಎಂದು ದಿಬ್ಬ ಹತ್ತಲು ಕಾಲೆತ್ತಿದ. ತಮ್ಮದೊರೆ ಮೇಲಿನ ಕಿಟಕಿ ತೆರೆದು, ಮುಖಕ್ಕೆ ಹಚ್ಚಿದ ಸೋಪಿನ ನೊರೆಯಲ್ಲೇ ಕೂಗಿದರು:

"ಬನಾಂಟಿ! ಬನಾಂಟಿ!"

ಇದ್ದಿಲಿನವನು ಎತ್ತಿದ ಕಾಲು ಹಾಗೇ ನಿಲ್ಲಿಸಿದ. ಕಿಟಕಿ ನೋಡಿದ, ದಿಬ್ಬ ನೋಡಿದ, ಕೊನೆಗೆ ನನ್ನನ್ನು ನೋಡಿದ. ಹಲ್ಲುದುರಿದ ಬಾಯಿ, ನೆರೆತ ತಲೆ, ಮೈತುಂಬ ಮಿಸ್ಸಮ್ಮನ ಹಳೇ ಕೋಟು. ಅವನಿಗೆ ಏನು ಹೊಳೆಯಿತೋ, ಮೂಟೆ ಇಳಿಸಿ, ಟೋಪಿ ತೆಗೆದು, ಬಹಳ ಮರ್ಯಾದೆಯಿಂದ ತಲೆ ಬಗ್ಗಿಸಿದ.

"ಗುಡ್ ಮಾರ್ನಿಂಗ್, ಮಿಸೆಸ್ ಬನಾಂಟಿ."

ನಾನೂ ತಲೆಯಾಡಿಸಿದೆ. ಅವನು ಮೂಟೆ ಹೊತ್ತು ದಿಬ್ಬ ಬಿಟ್ಟು ಸುತ್ತಿಕೊಂಡು ಹೋದ.